ಹಸು ಗಬ್ಬ ಕಟ್ಟಲಿಲ್ಲವೇ? ಹೋರಿಯ ಕಡೆಗೂ ನೋಡಿ

ಹೊಸೂರು: ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ರಾಗಿ ಕೈಕೊಟ್ಟ ವರ್ಷವೂ ಸಂಸಾರ ತೂಗಿಸುವುದು ಹಾಲಿನ ದುಡ್ಡು. ಹಸು ಒಂದು ಬೆದೆ ತಪ್ಪಿಸಿತೆಂದರೆ ಮತ್ತೆ 21 ದಿನ ಕಾಯಬೇಕು, ಮೇವು ಮಾತ್ರ ನಿಲ್ಲುವುದಿಲ್ಲ. ‘ಮೂರು ಸಲ ಆಯ್ತು, ಕಟ್ಲೇ ಇಲ್ಲ, ಸಂತೆಗೆ ಹೊಡ್ಕೊಂಡು ಹೋಗಿ’ ಎಂಬ ತೀರ್ಪು ಬೀಳುವುದು ಹಸುವಿನ ಮೇಲೆಯೇ. ಹೋರಿಯ ಕಡೆ ಯಾರೂ ಬೊಟ್ಟು ಮಾಡುವುದಿಲ್ಲ.

ಹೋರಿಯ ಬೀಜಗಳು, ಡಾಕ್ಟರ ಮಾತಿನಲ್ಲಿ ವೃಷಣಗಳು, ಹೊಟ್ಟೆಯೊಳಗೆ ಭದ್ರವಾಗಿರದೆ ಹೊರಗೆ ಚೀಲದಲ್ಲಿ ನೇತಾಡುವುದಕ್ಕೆ ಕಾರಣವಿದೆ. ದನದ ಮೈಬಿಸಿ ಸುಮಾರು 38.5 ಡಿಗ್ರಿ. ವೀರ್ಯಾಣು ಬೆಳೆಯಲು ಅದಕ್ಕಿಂತ ಕೆಲವು ಡಿಗ್ರಿ ತಂಪು ಬೇಕು. ಚಳಿಯಲ್ಲಿ ಚೀಲ ಮೇಲಕ್ಕೆ ಸೆಳೆದುಕೊಳ್ಳುತ್ತದೆ, ಸೆಕೆಯಲ್ಲಿ ಜೋಲುತ್ತದೆ. ಒಳಕ್ಕೆ ಹೋಗುವ ಬಿಸಿ ರಕ್ತದ ನಾಳವನ್ನು ತಂಪಾಗಿ ಹಿಂತಿರುಗುವ ನಾಳಗಳು ಬಲೆಯಂತೆ ಸುತ್ತಿಕೊಂಡಿವೆ. ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಲ್ಲಿ ಇಟ್ಟ ಹಾಗೆ.

(ಜವಳಗಿರಿ, ತಳಿ ಕಾಡಂಚಿನಲ್ಲಿ ರಾಗಿ ಮೇಯಲು ಬರುವ ಆನೆಗೆ ಈ ಚೀಲವೇ ಇಲ್ಲ. ಗಂಡಾನೆಯ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರವೇ ಉಳಿಯುತ್ತವೆ. ಅಷ್ಟು ಬಿಸಿಯಲ್ಲೂ ಅದಕ್ಕೆ ಮರಿಗಳಾಗುತ್ತವೆ!)

ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಅಲ್ಲಿಂದ ಅದು ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳಕ್ಕೆ ಇಳಿಯುತ್ತದೆ. ಬಿಡಿಸಿದರೆ ಈ ನಾಳ 30 ಮೀಟರ್ ದಾಟುತ್ತದೆ. ಅದರಲ್ಲಿ ವಾರಕ್ಕೂ ಹೆಚ್ಚು ಕಾಲ ಸಾಗಿ ಬಲಿತ ಮೇಲಷ್ಟೇ ಈಜುವ ಶಕ್ತಿ. ಆಮೇಲೆ ಒಳಗಿನ ಗ್ರಂಥಿಗಳ ಸಿಹಿ ದ್ರವ ಸೇರಿ ವೀರ್ಯವಾಗುತ್ತದೆ. ಹೀಗಾಗಿ ಏಪ್ರಿಲ್ ಬಿಸಿಲಲ್ಲಿ ಬಳಲಿದ, ಇಲ್ಲವೇ ಜ್ವರ ಬಂದ ಹೋರಿಯ ದೋಷ ಮೇ, ಜೂನ್‌ವರೆಗೂ ಕಾಡಬಹುದು. ಅಷ್ಟರಲ್ಲಿ ಜ್ವರ ಇಳಿದು ಹೋರಿ ದಷ್ಟಪುಷ್ಟವಾಗಿರುತ್ತದೆ, ಬೈಗುಳ ಹಸುವಿಗೆ!

ಎರಡು ಬೀಜಗಳಲ್ಲಿ ಒಂದು ಚೀಲಕ್ಕೆ ಇಳಿಯದ ಕರುವನ್ನು ಬಿತ್ತನೆ ಹೋರಿಯಾಗಿ ಸಾಕಬಾರದು, ಆ ದೋಷ ಮುಂದಿನ ಪೀಳಿಗೆಗೂ ಹೋಗಬಹುದು. ಬೀಜ ಒಡೆಸುವವರಿಗೆ ಇನ್ನೊಂದು ಮಾತು. ಬರ್ಡಿಜೋ ಇಕ್ಕಳ ಚರ್ಮ ಕೊಯ್ಯದೆ ಒಳಗಿನ ನಾಳಗಳನ್ನಷ್ಟೇ ಜಜ್ಜುತ್ತದೆ. ಮೇಲಿನ ನಾಳದಲ್ಲಿ ಮೊದಲೇ ಸೇರಿದ್ದ ವೀರ್ಯಾಣು ಕೆಲವು ದಿನ ಉಳಿದಿರುತ್ತದೆ. ಅದಕ್ಕೇ ಒಂದೆರಡು ತಿಂಗಳು ಅದನ್ನು ಹಸುಗಳಿಂದ ದೂರ ಕಟ್ಟಬೇಕು.

ಈಗ ಹೆಚ್ಚಿನ ಮನೆಗಳಲ್ಲಿ ಹೋರಿಯ ಬದಲು ಇಂಜೆಕ್ಷನ್. ಕೃತಕ ಗರ್ಭಧಾರಣೆಯ ಭಾರತದ ಮೊದಲ ಪ್ರಯೋಗ ನಡೆದದ್ದು 1939ರಲ್ಲಿ, ನಮ್ಮದೇ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ. ಸಂಪತ್ ಕುಮಾರನ್ ಎಂಬವರು ಹಾಲ್‌ಸ್ಟೀನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟರು, 33 ಹಸುಗಳು ಗಬ್ಬವಾದವು. ಇಂದು ಹೆಸರಘಟ್ಟದಂಥ ಕೇಂದ್ರಗಳಲ್ಲಿ ಹೋರಿಯ ಒಂದೇ ಸಲದ ವೀರ್ಯವನ್ನು ನೂರಾರು ಕಡ್ಡಿಗಳಾಗಿ ಹಂಚಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಕಾಲು ಮಿಲಿಲೀಟರಿನ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು.

ಆದರೆ ಕಡ್ಡಿಯೂ ಕೆಡುತ್ತದೆ. ಕ್ಯಾನಿನ ಕುತ್ತಿಗೆಯಿಂದ ಮೇಲಕ್ಕೆತ್ತಿ ಹುಡುಕುತ್ತ ನಿಂತರೆ, ಬಿಸಿಲಿಗೆ ಹಿಡಿದರೆ ಒಳಗಿನದು ಸಾಯುತ್ತದೆ. 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ಕೂಡಲೇ ಹಾಕಬೇಕು. ಮನೆಗೆ ಬಂದವರು ಬಿಸಿನೀರು ಕೇಳದಿದ್ದರೆ, ‘ಅಣ್ಣಾ, ನೀರು ಬೇಡ್ವಾ?’ ಎಂದು ನೀವೇ ಕೇಳಿ, ತಪ್ಪೇನಿಲ್ಲ.

ಇನ್ನು ಹೋರಿಗರು ಹಾಕಿತೆಂದು ಹಸುವನ್ನು ಬೈಯುವವರೂ ಉಂಟು. ಹಸುವಿನ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಲಿಂಗ ಬೇರ್ಪಡಿಸಿದ ಕಡ್ಡಿಯಲ್ಲಿ ಹೆಣ್ಣುಗರುವಿನ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟು. ಮನೆಯ ಸೊಸೆಯ ವಿಷಯದಲ್ಲೂ ಲೆಕ್ಕ ಇದೇ. ಮಕ್ಕಳಾಗದಿದ್ದರೆ ಗಂಡನಿಗೂ ವೀರ್ಯ ಪರೀಕ್ಷೆ ಮಾಡಿಸಬೇಕು. ನೋವಿಲ್ಲದ, ಖರ್ಚು ಕಡಿಮೆಯ ಪರೀಕ್ಷೆ ಅದು.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆ ಇಂಜೆಕ್ಷನ್ ಹಾಕಿಸಿ. ಮೂರು ಸಲವೂ ನಿಲ್ಲದಿದ್ದರೆ ಸಂತೆಗೆ ಹೊಡೆಯುವ ಮುಂಚೆ ಹಸುವಿನ ಗರ್ಭಕೋಶ ಪರೀಕ್ಷೆ ಮಾಡಿಸಿ, ಯಾವ ಹೋರಿಯ ಕಡ್ಡಿ ಹಾಕಿದರೆಂಬ ನಂಬರನ್ನೂ ಪಶುವೈದ್ಯರಿಗೆ ತೋರಿಸಿ.