ಬನ್ನಿಯ ಮರದಲ್ಲಿ ಬಚ್ಚಿಟ್ಟ ಕಥೆ

ಮೈಸೂರು ನಗರದ ಉತ್ತರ ಭಾಗದಲ್ಲಿ, ಅರಮನೆಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಬನ್ನಿಮಂಟಪವೆಂಬ ಬಡಾವಣೆಯುಂಟು. ವಿಜಯದಶಮಿಯ ದಿನ ಅರಮನೆಯಿಂದ ಹೊರಡುವ ಜಂಬೂಸವಾರಿಯು ಮುಕ್ತಾಯವಾಗುವುದು ಇಲ್ಲಿಯೇ. ಅಂದು ಇರುಳು ಇಲ್ಲಿನ ಮೈದಾನದಲ್ಲಿ ಪಂಜಿನ ಕವಾಯತು ನಡೆದು ದಸರಾ ಉತ್ಸವಕ್ಕೆ ತೆರೆ ಬೀಳುತ್ತದೆ. ಹಿಂದೆ ಮೈಸೂರಿನ ಅರಸರು ಅಂಬಾರಿಯಲ್ಲಿ ಕುಳಿತು ಇಲ್ಲಿಗೆ ಬಂದು ಬನ್ನಿಯ ಮರವನ್ನು ಪೂಜಿಸುತ್ತಿದ್ದರು. ಈಗ ಅಂಬಾರಿಯಲ್ಲಿ ಚಾಮುಂಡೇಶ್ವರಿ ದೇವಿಯ ವಿಗ್ರಹವು ಬರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಬನ್ನಿಮಂಟಪವು ಕಾರ್ಖಾನೆಗಳೂ ಮನೆಗಳೂ ಬಸ್ಸುಗಳ ಓಡಾಟವೂ ಇರುವ ಒಂದು ಸಾಧಾರಣ ಬಡಾವಣೆ. ನಿತ್ಯವೂ ಅಲ್ಲಿ ಬಸ್ಸಿನಿಂದ ಇಳಿಯುವ ಎಷ್ಟೋ ಜನರಿಗೆ ಆ ಹೆಸರು ಕೇವಲ ಒಂದು ನಿಲ್ದಾಣದ ಹೆಸರು. ಆದರೆ ಆ ಹೆಸರಿನೊಳಗೆ ಒಂದು ಮರವಿದೆ. ಆ ಮರದೊಳಗೆ ಒಂದು ಗಂಟು ಇದೆ. ಆ ಗಂಟಿನೊಳಗೆ ಜಗತ್ತಿನ ಅತ್ಯುತ್ತಮ ಸಾಹಸಕಥೆಗಳಲ್ಲಿ ಒಂದು ಅಡಗಿದೆ.

ಇದನ್ನು ಇಲ್ಲಿ ಹೇಳಲು ಕಾರಣವುಂಟು. ಇಂದು ಬಾಲಕರೂ ಬಾಲಕಿಯರೂ ಗಣಕಯಂತ್ರದಲ್ಲಿ, ದೂರವಾಣಿಯ ಚಿಕ್ಕ ತೆರೆಯಲ್ಲಿ, ಅನೇಕ ಬಗೆಯ ಆಟಗಳನ್ನು ಆಡುತ್ತಾರೆ. ಅವುಗಳಲ್ಲಿ ಸಾಹಸದಾಟವೆಂಬುದು ಒಂದು ಬಗೆ. ಇಲ್ಲಿ ಆಡುವವನೇ ಕಥೆಯ ನಾಯಕ. ಅವನು ಒಂದು ಅಪರಿಚಿತ ಸ್ಥಳವನ್ನು ಹೊಕ್ಕು, ಸಿಕ್ಕಿದ ವಸ್ತುಗಳನ್ನು ಪರೀಕ್ಷಿಸಿ, ಎದುರಾದ ತೊಡಕುಗಳನ್ನು ಬುದ್ಧಿಯಿಂದ ಬಿಡಿಸಿಕೊಂಡು ಮುಂದೆ ಸಾಗಬೇಕು. ಕೈಚಳಕಕ್ಕಿಂತ ಆಲೋಚನೆಗೆ ಇಲ್ಲಿ ಹೆಚ್ಚಿನ ಬೆಲೆ. ಇಂತಹ ಆಟಗಳನ್ನು ಹಳೆಯ ರೀತಿಯಲ್ಲಿಯೇ, ಅಂದರೆ ಬರಿಯ ಮಾತುಗಳಿಂದ ಅಥವಾ ಚಿಕ್ಕ ಚೌಕಗಳನ್ನು ಜೋಡಿಸಿದಂತೆ ಕಾಣುವ ಒರಟು ಚಿತ್ರಗಳಿಂದ ರಚಿಸುವವರು ಇಂದಿಗೂ ಇದ್ದಾರೆ. ದೊಡ್ಡ ಸಂಸ್ಥೆಗಳ ಆಟಗಳಿಗೆ ನೂರಾರು ಜನರ ದುಡಿಮೆ ಬೇಕು. ಹಳೆಯ ರೀತಿಯ ಆಟವನ್ನಾದರೋ ಒಬ್ಬನೇ ಕುಳಿತು ರಚಿಸಬಹುದು. ಆದರೆ ಬಣ್ಣದ ಬೆಡಗು ಇಲ್ಲದ ಕಡೆ ಭಾರವೆಲ್ಲ ಕಥೆಯ ಮೇಲೆ ಬೀಳುತ್ತದೆ. ಕಥೆ ಹಳಸಲಾದರೆ ಆಟವೂ ಹಳಸಿತು. ಹಾಗಾದರೆ ಹೊಸ ಕಥೆಯನ್ನು ಎಲ್ಲಿಂದ ತರಬೇಕು?

ಈ ಬಗೆಯ ಆಟಗಳಿಗೆ ಮೂಲವಾದ ಆಟವು ಹುಟ್ಟಿದ ಸಂದರ್ಭವನ್ನು ನೋಡಿದರೆ ಉತ್ತರದ ಒಂದು ಭಾಗ ದೊರೆಯುತ್ತದೆ. ಅಮೆರಿಕ ದೇಶದ ಕೆಂಟುಕಿ ಸಂಸ್ಥಾನದಲ್ಲಿ ಮ್ಯಾಮತ್ ಎಂಬ ಗುಹೆಯುಂಟು. ಈವರೆಗೆ ಅಳೆದಿರುವ ಅದರ ಸುರಂಗಗಳ ಉದ್ದವೇ 680 ಕಿಲೋಮೀಟರಿಗೂ ಹೆಚ್ಚು. ಲೋಕದಲ್ಲಿ ಇದಕ್ಕಿಂತ ಉದ್ದವಾದ ಗುಹೆ ತಿಳಿದಿಲ್ಲ. ವಿಲ್ ಕ್ರೌಥರ್ ಎಂಬ ಗಣಕತಜ್ಞನೂ ಅವನ ಪತ್ನಿ ಪೆಟ್ರೀಷಿಯಾಳೂ ಬಿಡುವಿನ ಕಾಲದಲ್ಲಿ ಈ ಗುಹೆಗಳಲ್ಲಿ ತೆವಳಿ, ಅಳೆದು, ನಕ್ಷೆ ಬರೆಯುತ್ತಿದ್ದರು. 1972ರಲ್ಲಿ ಪೆಟ್ರೀಷಿಯಾ ಇದ್ದ ತಂಡವು ಪಕ್ಕದ ಫ್ಲಿಂಟ್ ರಿಡ್ಜ್ ಗುಹೆಗಳಿಗೂ ಮ್ಯಾಮತ್ ಗುಹೆಗೂ ಒಳಗಿಂದೊಳಗೇ ದಾರಿಯುಂಟೆಂಬುದನ್ನು ಕಂಡುಹಿಡಿಯಿತು. ಅನಂತರ ಆ ದಂಪತಿಗಳು ಬೇರೆಯಾದರು. ಮಕ್ಕಳಿಂದ ದೂರವಾದ ಕ್ರೌಥರನು, ತನ್ನಿಬ್ಬರು ಹೆಣ್ಣುಮಕ್ಕಳು ಬಂದಾಗ ಆಡಲೆಂದು, 1975-76ರ ಸುಮಾರಿಗೆ ಒಂದು ಆಟವನ್ನು ರಚಿಸಿದನು. ಅದರಲ್ಲಿ ಚಿತ್ರವೇ ಇರಲಿಲ್ಲ. ಯಂತ್ರವು ಸ್ಥಳವನ್ನು ಮಾತಿನಲ್ಲಿ ವರ್ಣಿಸುತ್ತಿತ್ತು. ಆಡುವವರು ‘ದೀಪ ಹಚ್ಚು’, ‘ಕೆಳಗೆ ಇಳಿ’ ಎಂಬಂತೆ ಒಂದೆರಡು ಪದಗಳ ಅಪ್ಪಣೆಯನ್ನು ಬೆರಳಚ್ಚಿಸಬೇಕಾಗಿತ್ತು. 1977ರಲ್ಲಿ ಡಾನ್ ವುಡ್ಸ್ ಎಂಬಾತನು ಕ್ರೌಥರನ ಸಮ್ಮತಿಯಿಂದ ಅದನ್ನು ಬೆಳೆಸಿದನು. ಆ ಆಟದ ಗುಹೆ ಕಲ್ಪನೆಯದಲ್ಲ. ಒಳಹೋಗುವ ಕಂಬಿಯ ಬಾಗಿಲು, ಇಕ್ಕಟ್ಟಾದ ದಾರಿ, ದಾರಿ ಕವಲೊಡೆಯುವ ಕೋಣೆ, ಇವೆಲ್ಲ ಕ್ರೌಥರನು ಸ್ವತಃ ಮೊಣಕಾಲೂರಿ ಕಂಡ ಸ್ಥಳಗಳು.

ಅದರಲ್ಲಿ ಒಂದು ತೊಡಕು ಹೀಗಿದೆ. ದಾರಿಗೆ ಅಡ್ಡವಾಗಿ ಒಂದು ಭಯಂಕರ ಸರ್ಪವಿದೆ. ಬೇರೊಂದು ಕೋಣೆಯಲ್ಲಿ ಒಂದು ಪುಟ್ಟ ಹಕ್ಕಿಯಿದೆ. ಹಕ್ಕಿಯನ್ನು ಬಿಟ್ಟರೆ ಸರ್ಪವು ಓಡಿಹೋಗುತ್ತದೆ. ಆದರೆ ಹಕ್ಕಿಯನ್ನು ಹಿಡಿಯಲು ಪಂಜರ ಬೇಕು. ಆಡುವವನ ಕೈಯಲ್ಲಿ ಹಿಂದೆ ಸಿಕ್ಕಿದ ಕೋಲು ಇದ್ದರೆ ಹಕ್ಕಿಯು ಹೆದರಿ ಸಿಕ್ಕುವುದೇ ಇಲ್ಲ. ಕೈಯಲ್ಲಿರುವುದನ್ನು ಕೆಳಗಿಟ್ಟವನಿಗೇ ಜಯ. ಈ ಸಣ್ಣ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ನಾವು ಮತ್ತೆ ಇದರ ಬಳಿಗೆ ಬರುತ್ತೇವೆ.

ಕ್ರೌಥರನ ಆಟ ಪ್ರಸಿದ್ಧವಾದ ಮೇಲೆ ಅದನ್ನು ಅನುಕರಿಸಿದವರು ಬಹುಮಂದಿ. ದುರದೃಷ್ಟವೆಂದರೆ ಅವರಲ್ಲಿ ಅನೇಕರು ಅವನ ಗುಹೆಯನ್ನು ತೆಗೆದುಕೊಂಡರೇ ಹೊರತು ಅವನ ವಿಧಾನವನ್ನು ತೆಗೆದುಕೊಳ್ಳಲಿಲ್ಲ. ತಾನು ಬಲ್ಲ ಸ್ಥಳವನ್ನು ಕುರಿತು ಬರೆಯುವುದು ಅವನ ವಿಧಾನ. ಗುಹೆಯನ್ನು ಕಾಣದವರೂ ಗುಹೆಯನ್ನು ಬರೆದರು. ಗುಹೆ, ಕುಬ್ಜ, ಬೆಂಕಿಯುಗುಳುವ ಘಟಸರ್ಪ, ಸೆರೆಯಲ್ಲಿರುವ ರಾಜಕುಮಾರಿ, ಇವು ಮತ್ತೆ ಮತ್ತೆ ಬಂದು ಸವೆದ ನಾಣ್ಯಗಳಾದವು. ನಮ್ಮ ಮಕ್ಕಳು ಕಥೆ ಕಟ್ಟಲು ಹೊರಟರೂ ಮೊದಲು ನೆನಪಾಗುವುದು ಹಿಮ ಬೀಳುವ ಯಾವುದೋ ನಾಡಿನ ಕೋಟೆಯೇ! ಹಿಮವನ್ನು ಒಮ್ಮೆಯೂ ಮುಟ್ಟದವರು ಅದರ ಮೇಲೆ ಹೆಜ್ಜೆ ಹೇಗೆ ಮೂಡುತ್ತದೆಂಬುದನ್ನು ಹೇಗೆ ವರ್ಣಿಸಿಯಾರು?

ಈಗ ಬನ್ನಿಯ ಮರದ ಬಳಿಗೆ ಬರೋಣ. ಜೂಜಿನಲ್ಲಿ ಸೋತ ಪಾಂಡವರು 12 ವರ್ಷ ವನವಾಸವನ್ನೂ 1 ವರ್ಷ ಅಜ್ಞಾತವಾಸವನ್ನೂ ಮಾಡಬೇಕೆಂಬುದು ಒಪ್ಪಂದ. ಅಜ್ಞಾತವಾಸದಲ್ಲಿ ಗುರುತು ಸಿಕ್ಕಿದರೆ ಮತ್ತೆ 12 ವರ್ಷ ಕಾಡು. ಯಾವ ಆಟಗಾರನೂ ಇದಕ್ಕಿಂತ ಸ್ಪಷ್ಟವಾದ, ಇದಕ್ಕಿಂತ ಕಠಿಣವಾದ ನಿಯಮವನ್ನು ರಚಿಸಲಾರ. ವಿರಾಟನಗರವನ್ನು ಪ್ರವೇಶಿಸುವ ಮುನ್ನ ಅವರು ಮಾಡಿದ ಮೊದಲ ಕೆಲಸವೆಂದರೆ ತಮ್ಮ ಆಯುಧಗಳನ್ನು ಕಟ್ಟಿ ಊರ ಹೊರಗಿನ ಸ್ಮಶಾನದ ಬಳಿಯಿದ್ದ ಶಮೀವೃಕ್ಷದಲ್ಲಿ ಬಚ್ಚಿಟ್ಟುದು. ಶಮಿಯೇ ನಮ್ಮ ಬನ್ನಿ. ಒಣ ನೆಲದಲ್ಲಿ ಬೆಳೆಯುವ ಮುಳ್ಳುಮರ. ಯಾರೂ ಹತ್ತಿರ ಸುಳಿಯದಿರಲೆಂದು ಅವರು ಮರಕ್ಕೆ ಒಂದು ಹೆಣವನ್ನೂ ಕಟ್ಟಿದರು. ದನಕಾಯುವವರು ಕೇಳಿದಾಗ, ಇದು ನಮ್ಮ ಮುದಿ ತಾಯಿಯ ದೇಹ, ಹೀಗೆ ಕಟ್ಟುವುದು ನಮ್ಮ ಕುಲಾಚಾರ ಎಂದರು. ಬೀಗವಿಲ್ಲ, ಕಾವಲುಗಾರನಿಲ್ಲ, ನೋಡುವವರ ಭಯವೇ ಬೀಗ, ಅವರ ಹೇಸಿಗೆಯೇ ಕಾವಲು.

ಸಾಮಾನ್ಯವಾದ ಸಾಹಸದಾಟದಲ್ಲಿ ನಾಯಕನು ಬರಿಗೈಯಿಂದ ಹೊರಟು ಒಂದೊಂದಾಗಿ ಆಯುಧಗಳನ್ನು ಸಂಪಾದಿಸುತ್ತಾನೆ. ಇಲ್ಲಿ ಅದು ತಿರುಗುಮುರುಗು. ನಾಯಕರು ಇರುವ ಆಯುಧವನ್ನೆಲ್ಲ ಬಿಟ್ಟು ಬರಿಗೈಯಾಗುತ್ತಾರೆ. ಧರ್ಮರಾಯನು ಕಂಕಭಟ್ಟನಾಗಿ ರಾಜನೊಡನೆ ಪಗಡೆಯಾಡುತ್ತಾನೆ. ಯಾವ ಆಟ ತನ್ನನ್ನು ಕಾಡಿಗೆ ಕಳುಹಿಸಿತೋ ಅದನ್ನೇ ಆಡಿ ಬದುಕಬೇಕಾಗುತ್ತದೆ. ಭೀಮನು ವಲಲನೆಂಬ ಬಾಣಸಿಗ. ಅರ್ಜುನನು ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯ ಕಲಿಸುತ್ತಾನೆ. ನಕುಲನು ಲಾಯದಲ್ಲಿ, ಸಹದೇವನು ಗೋಶಾಲೆಯಲ್ಲಿ. ದ್ರೌಪದಿಯು ಸೈರಂಧ್ರಿಯಾಗಿ ರಾಣಿಯ ತಲೆ ಬಾಚುತ್ತಾಳೆ. ಎಲ್ಲರಿಗೂ ಶಕ್ತಿಯುಂಟು, ಯಾರೂ ಅದನ್ನು ತೋರಿಸುವಂತಿಲ್ಲ. ಕೀಚಕನು ದ್ರೌಪದಿಯನ್ನು ಪೀಡಿಸಿದಾಗ ಭೀಮನು ತಡೆಯಲಾರದೆ ಇರುಳಿನಲ್ಲಿ ಅವನನ್ನು ಕೊಂದನು. ಅದು ನ್ಯಾಯವೇ. ಆದರೂ ಆ ಸುದ್ದಿ ಹಸ್ತಿನಾವತಿಗೆ ಮುಟ್ಟಿ, ಅಂತಹ ಬಲಶಾಲಿಯನ್ನು ಕೊಲ್ಲಬಲ್ಲವನು ಭೀಮನೇ ಇರಬೇಕೆಂಬ ಸಂಶಯ ಹುಟ್ಟಿ, ಕೌರವಸೇನೆಯು ವಿರಾಟನ ಗೋವುಗಳನ್ನು ಹಿಡಿಯಲು ಬರುವಂತಾಯಿತು. ಇಂದು ಮಾಡಿದ ಕೆಲಸದ ಫಲವು ಎಷ್ಟೋ ದಿನಗಳ ಮೇಲೆ ಬಾಗಿಲು ತಟ್ಟುವುದು ಒಳ್ಳೆಯ ಸಾಹಸದಾಟದ ಲಕ್ಷಣ. ಹಕ್ಕಿ ಹಿಡಿಯಲು ಕೋಲನ್ನು ಕೆಳಗಿಡಬೇಕಾದ ಸಂಗತಿ ಈಗ ನೆನಪಾಗಿರಬಹುದು. ವಿರಾಟನಗರದಲ್ಲಿ ವರ್ಷ ಪೂರ್ತಿ ನಡೆದುದು ಅದೇ.

ಈ ಕಥೆಯನ್ನು ಆಟವಾಗಿಸುವವರು ಆಡುವವನನ್ನು ಅರ್ಜುನನ ಸ್ಥಾನದಲ್ಲಿ ನಿಲ್ಲಿಸಲು ಆಶಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಉತ್ತರಕುಮಾರನ ಸ್ಥಾನವೇ ಲೇಸು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಕೇಳದವರಿಲ್ಲ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು, ಸಾರಥಿಯಿಲ್ಲವೆಂದು ನೆಪ ಹೇಳಿ, ಬೃಹನ್ನಳೆ ಸಾರಥಿಯಾಗಿ ಬಂದ ಮೇಲೆ ಶತ್ರುಸೈನ್ಯವನ್ನು ಕಂಡು ರಥದಿಂದ ಧುಮುಕಿ ಓಡಿದವನು ಅವನು. ಬೃಹನ್ನಳೆಯು ಅವನನ್ನು ಹಿಡಿದು ತಂದು ಬನ್ನಿಯ ಮರದ ಕೆಳಗೆ ನಿಲ್ಲಿಸಿ ಹತ್ತು ಎನ್ನುತ್ತಾಳೆ. ಮೇಲೆ ಹೆಣ ತೂಗುತ್ತಿದೆಯೆಂದು ಅವನು ಕೇಳಿದ್ದಾನೆ. ಹಿಂದೆ ಶತ್ರುಗಳು, ಮುಂದೆ ಹೆಣ. ಹತ್ತಿ ಗಂಟು ಬಿಚ್ಚಿದಾಗ ಥಳಥಳಿಸುವ ಬಿಲ್ಲುಗಳು ಕಾಣುತ್ತವೆ. ಇದು ಯಾರದು, ಅದು ಯಾರದು ಎಂದು ಒಂದೊಂದನ್ನೂ ಕೇಳುತ್ತಾನೆ. ನಾಟ್ಯ ಕಲಿಸುವ ಬೃಹನ್ನಳೆಯೇ ಅರ್ಜುನನೆಂದರೆ ನಂಬುವುದು ಹೇಗೆ? ಅರ್ಜುನನ ಹತ್ತು ಹೆಸರುಗಳನ್ನೂ ಅವುಗಳ ಕಾರಣಗಳನ್ನೂ ಹೇಳಿದರೆ ನಂಬುತ್ತೇನೆ ಎನ್ನುತ್ತಾನೆ. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ: ಇವೇ ಆ ಹೆಸರುಗಳು. ಇಂದಿನ ಯಂತ್ರಗಳು ಕೇಳುವ ಗುಪ್ತಪದಕ್ಕೆ ಇದಕ್ಕಿಂತ ಸೊಗಸಾದ ಪೂರ್ವಜ ಸಿಕ್ಕುವುದು ಕಷ್ಟ. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳಲು ನಮ್ಮ ಅಜ್ಜಿಯರು ಕಲಿಸಿದುದು ಸುಮ್ಮನಲ್ಲ. ಭಯವನ್ನು ದಾಟಲು ಉತ್ತರನಿಗೂ ಅವೇ ಹೆಸರುಗಳು ನೆರವಾದವು. ಹೇಡಿಯೊಬ್ಬನು ಒಂದು ಮರವನ್ನು ಹತ್ತಿ ಇಳಿಯುವಷ್ಟರಲ್ಲಿ ಬೇರೆ ಮನುಷ್ಯನಾಗುವ ಕಥೆ ಇದು.

ಪ್ರಸಿದ್ಧವಾದ ಕಥೆಗಳೆಲ್ಲವೂ ಹೀಗೆ ಆಟಕ್ಕೆ ಒದಗುವುದಿಲ್ಲ. ಮಹಿಷಾಸುರನ ವಧೆಯು ಮೈಸೂರಿಗೆ ಹೆಸರನ್ನೇ ಕೊಟ್ಟ ಭವ್ಯವಾದ ಕಥೆ. ಆದರೆ ಅದರಲ್ಲಿ ದೇವಿಯ ಶಕ್ತಿಗೆ ಎದುರಿಲ್ಲವಾದ್ದರಿಂದ ಆಡುವವನು ಆಲೋಚಿಸಬೇಕಾದ ತೊಡಕು ಕಡಮೆ. ಬಲವು ಎಲ್ಲಿ ಉಪಯೋಗಕ್ಕೆ ಬರುವುದಿಲ್ಲವೋ ಅಲ್ಲಿ ಸಾಹಸದಾಟದ ಕಥೆ ಮೊದಲಾಗುತ್ತದೆ.

ಕಥೆಯನ್ನು ಆಟವಾಗಿಸುವುದು ಮೈಸೂರಿಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮೆಟ್ಟಿ ಬರುವ ನಡೆಗಳನ್ನು ಅವರು ಸಾಧಿಸಿದರು. ಗಂಜೀಫಾ ಎಂಬ ಬಣ್ಣದ ಎಲೆಗಳ ಆಟದಲ್ಲಿ ದಶಾವತಾರದ ಕಟ್ಟಿಗೆ 120 ಎಲೆಗಳು. ಮುಮ್ಮಡಿಯವರ ಕಾಲದಲ್ಲಿ ಕಲ್ಪಿತವಾದ ಒಂದು ಆಟಕ್ಕಾದರೋ 360 ಎಲೆಗಳು! ಅವುಗಳ ಮೇಲೆ ಪುರಾಣದ ದೇವತೆಗಳೆಲ್ಲ ಚಿತ್ರಿತರಾದರು. ಶ್ರೀತತ್ತ್ವನಿಧಿ ಎಂಬ ಅವರ ಗ್ರಂಥದ ಒಂದು ಭಾಗವು ಇಂತಹ ಆಟಗಳಿಗೇ ಮೀಸಲು. ಅಷ್ಟು ಎಲೆಗಳ ಆಟವನ್ನು ಇಂದು ಆಡಬಲ್ಲವರನ್ನು ಹುಡುಕಬೇಕು ಎಂಬುದು ಬೇರೆಯ ಮಾತು.

ಪುರಾಣವೇ ಆಗಬೇಕೆಂದಿಲ್ಲ. ಅದೇ ನಗರದ ಇನ್ನೊಂದು ಘಟನೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಯೋಲೆಯ ಒಂದು ಕಟ್ಟನ್ನು ತಂದೊಪ್ಪಿಸಿದರು. ಲಿಪಿ ಗ್ರಂಥಲಿಪಿ, ಭಾಷೆ ಸಂಸ್ಕೃತ. ಅಲ್ಲಿದ್ದ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು. ದಂಡಿಯ ದಶಕುಮಾರಚರಿತೆ ಮೊದಲಾದ ಹಳೆಯ ಕೃತಿಗಳಲ್ಲಿ ಉಲ್ಲೇಖವಾಗಿ ಮಾತ್ರ ಉಳಿದಿದ್ದ ಗ್ರಂಥವು ಹೀಗೆ ಬೆಳಕಿಗೆ ಬಂದಿತು. ಇಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ, ಓಡಾಟವೂ ಇಲ್ಲ. ಆದರೆ ಓಲೆಯ ಕಟ್ಟು ಇದೆ, ಎಲ್ಲರೂ ಓದಲಾರದ ಲಿಪಿಯಿದೆ, ಹಳೆಯ ಪುಸ್ತಕಗಳಲ್ಲಿ ಚದರಿದ ಸುಳಿವುಗಳಿವೆ, ತಪ್ಪಿ ಒಲೆಗೆ ಬಿದ್ದರೆ ಎಂದೆಂದಿಗೂ ಇಲ್ಲವಾಗುವ ಒಂದು ಪುಸ್ತಕವಿದೆ. ಆಟಕ್ಕೆ ಇನ್ನೇನು ಬೇಕು?

ಇಂತಹ ಆಟವನ್ನು ಕನ್ನಡದಲ್ಲಿ ರಚಿಸುವವರಿಗೆ ಒಂದು ಸಣ್ಣ ತೊಂದರೆಯುಂಟು. ಕನ್ನಡದಲ್ಲಿ ಪದಗಳು ವಿಭಕ್ತಿಯೊಡನೆ ರೂಪ ಬದಲಿಸುತ್ತವೆ: ಮರ, ಮರವನ್ನು, ಮರದಲ್ಲಿ, ಮರಕ್ಕೆ. ಇವೆಲ್ಲ ಒಂದೇ ಮರವೆಂದು ಯಂತ್ರಕ್ಕೆ ತಿಳಿಸಿಕೊಡುವುದು ಶ್ರಮದ ಕೆಲಸ. ಆದುದರಿಂದ, ಆಡುವವನಿಂದ ಬರೆಯಿಸದೆ ಸಿದ್ಧವಾದ ಎರಡು ಮೂರು ದಾರಿಗಳಲ್ಲಿ ಒಂದನ್ನು ಆರಿಸಲು ಬಿಡುವ ವಿಧಾನ ಸುಲಭ. 2009ರಲ್ಲಿ ಬಂದ ಟ್ವೈನ್ ಎಂಬ ಉಚಿತ ಸಾಧನದಿಂದ ಈ ಬಗೆಯ ಆಟವನ್ನು ಕನ್ನಡ ಲಿಪಿಯಲ್ಲಿಯೂ ರಚಿಸಬಹುದು.

ಯಂತ್ರವಿಲ್ಲದಿದ್ದರೂ ಚಿಂತೆಯಿಲ್ಲ. ಊರಿನ ಒಂದು ಹೆಸರನ್ನು ಹಿಡಿದು ಹೊರಡಬೇಕು. ಈ ಕೆರೆಗೆ, ಈ ಕಲ್ಲಿಗೆ, ಈ ಬೀದಿಗೆ ಈ ಹೆಸರು ಏಕೆ ಬಂತೆಂದು ಹಿರಿಯರನ್ನು ಕೇಳಬೇಕು. ಯಾರು ಏನನ್ನು ಬಚ್ಚಿಟ್ಟರು, ಯಾರಿಂದ, ಅದನ್ನು ಮರಳಿ ಪಡೆಯಲು ಏನನ್ನು ತಿಳಿದಿರಬೇಕು ಎಂದು ಯೋಚಿಸಬೇಕು. ಅನಂತರ ಆ ಸ್ಥಳವನ್ನು ನಡೆದು ನೋಡಿ ನಕ್ಷೆ ಬರೆದು, ಒಂದೊಂದು ಜಾಗಕ್ಕೆ ಒಂದೊಂದು ಕಾಗದದ ಚೀಟಿಯನ್ನು ಸಿದ್ಧಪಡಿಸಬೇಕು. ಗೆಳೆಯರಲ್ಲಿ ಒಬ್ಬನು ಯಂತ್ರವಾಗಿ ಚೀಟಿಗಳನ್ನು ಓದಲಿ, ಮತ್ತೊಬ್ಬನು ಆಡಲಿ. ಆಡುವವನು ನಾವು ಎಣಿಸದ ಅಪ್ಪಣೆಯನ್ನು ಕೊಟ್ಟಾಗಲೆಲ್ಲ ಹೊಸ ಚೀಟಿಯೊಂದನ್ನು ಬರೆಯಬೇಕಾಗುತ್ತದೆ. ಕಥೆ ಬೆಳೆಯುವುದು ಹಾಗೆಯೇ. ಬನ್ನಿಮಂಟಪದ ಆಟವಾದರೆ ಮೊದಲನೆಯ ಚೀಟಿ ಹೀಗಿರಬಹುದು: ನೀನು ಮುಳ್ಳಿನ ಮರವೊಂದರ ಕೆಳಗೆ ನಿಂತಿದ್ದೀಯೆ. ಮೇಲೆ ಏನೋ ತೂಗುತ್ತಿದೆ. ದೂರದಲ್ಲಿ ಧೂಳು ಏಳುತ್ತಿದೆ. ಹತ್ತು ಎಂದು ಸಾರಥಿ ಹೇಳುತ್ತಾಳೆ. ಏನು ಮಾಡುವೆ?