ವಾಡಿಯ ತಿರುಗುಗೂಡು

ವಾಡಿಯಿಂದ ಹೈದರಾಬಾದಿನತ್ತ 1874ರಲ್ಲಿ ತೆರೆದ ನಿಜಾಮರ ಕಾಲದ ರೈಲುಮಾರ್ಗವು ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ದಾಟುತ್ತ ಸುಣ್ಣಕಲ್ಲಿನ ನೆಲದ ಮೇಲೆ ಸಾಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತಲಿನ ಈ ಸೀಮೆಯಲ್ಲಿ ಇಂದು ದೂರದಿಂದಲೇ ಕಾಣುವುದು ಸಿಮೆಂಟ್ ಕಾರ್ಖಾನೆಗಳ ಗೋಪುರಗಳು; ಆ ಗೋಪುರಗಳ ಬುಡದಲ್ಲಿ ನಿಧಾನವಾಗಿ ಸುತ್ತುವ ಉಕ್ಕಿನ ಕೊಳವೆಯೇ ತಿರುಗುಗೂಡು, ಅಂದರೆ ಕಾರ್ಮಿಕರು ಕಿಲ್ನ್ ಎನ್ನುವ ಯಂತ್ರ.

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಹರಡಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕೂತು ಗಟ್ಟಿಯಾದುದರಿಂದ ಈ ಸುಣ್ಣಕಲ್ಲು ಹಲಗೆಗಳಂತೆ ಸೀಳುತ್ತದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿ ಇದೇ. ಸಿಮೆಂಟಿಗೆ ಮಾತ್ರ ಕಲ್ಲನ್ನು ಪುಡಿಗೈದು, ಸಿಲಿಕಾ, ಅಲ್ಯೂಮಿನಾ ಮತ್ತು ಕಬ್ಬಿಣದ ಅಂಶಗಳನ್ನು ಹದವಾಗಿ ಬೆರೆಸಿ, ಗೋಪುರದ ತುದಿಯಿಂದ ಸುರಿಯುತ್ತಾರೆ. ಗೋಪುರದೊಳಗಿನ ಲಾಳಿಕೆಯಾಕಾರದ ಪಾತ್ರೆಗಳಲ್ಲಿ ಕೆಳಗಿನಿಂದ ಏರುವ ಬಿಸಿಗಾಳಿಗೆ ಸಿಕ್ಕಿ ಕಾಯುವ ಪುಡಿಯು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನ ಹೊತ್ತಿಗೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ.

ಮುಂದಿನ ಕೆಲಸ ಕೊಳವೆಯದು. ಕೆಲವೇ ಡಿಗ್ರಿಗಳಷ್ಟು ಮಾತ್ರ ವಾಲಿರುವ ಅದು ನಿಮಿಷಕ್ಕೆ ಕೆಲವೇ ಸುತ್ತು ತಿರುಗುವುದರಿಂದ ಪುಡಿಯು ಮಗುಚುತ್ತ, ಜಾರುತ್ತ, ಕೆಳತುದಿಯ ಜ್ವಾಲೆಯತ್ತ ಚಲಿಸುತ್ತದೆ. ಅಲ್ಲಿ ಸುಮಾರು 1450 ಡಿಗ್ರಿಯಲ್ಲಿ ಅದರ ಒಂದಂಶ ಕರಗಿ, ಉಳಿದ ಕಣಗಳನ್ನು ಅಂಟಿಸಿಕೊಂಡು ಕ್ಲಿಂಕರ್ ಎಂಬ ಬೂದುಗಪ್ಪು ಉಂಡೆಗಳಾಗುತ್ತದೆ. ಇದನ್ನು ತಣಿಸಿ, ಜಿಪ್ಸಂ ಕೂಡಿಸಿ ಅರೆದರೆ ಸಿಮೆಂಟ್ ಸಿದ್ಧ. ಉಕ್ಕೇ ಮೆತ್ತಗಾಗುವ ಈ ಶಾಖದಲ್ಲಿ ಕೊಳವೆ ಉಳಿಯುವುದು ಒಳಮೈಗೆ ಕಟ್ಟಿದ ಅಗ್ನಿನಿರೋಧಕ ಇಟ್ಟಿಗೆಗಳಿಂದ. ಬಿಸಿಯಾಗಿರುವಾಗ ತಿರುಗದೆ ನಿಂತರೆ ಅದು ತನ್ನ ಭಾರಕ್ಕೇ ಬಾಗಿಬಿಡುವುದರಿಂದ, ವಿದ್ಯುತ್ ಹೋದಾಗಲೂ ಸುತ್ತಿಸಲು ಪ್ರತ್ಯೇಕ ಎಂಜಿನ್ ಇರುತ್ತದೆ. ನೂರಾರು ಟನ್ ತೂಕದ ಯಂತ್ರವೊಂದು ತಣ್ಣಗಾಗುವ ತನಕ ವಿಶ್ರಮಿಸುವಂತಿಲ್ಲ ಎಂಬುದು ಎಂಜಿನಿಯರಿಂಗ್‌ನ ನಿಜವಾದ ಬೆರಗುಗಳಲ್ಲೊಂದು.

ಆದರೆ ಈ ಯಂತ್ರದ ಸಾಲವೂ ದೊಡ್ಡದು. ಶುದ್ಧ ಸುಣ್ಣಕಲ್ಲಿನ ಒಂದು ಕಿಲೋ ಸುಟ್ಟಾಗ ಸುಮಾರು 440 ಗ್ರಾಂ ಇಂಗಾಲದ ಡೈಆಕ್ಸೈಡ್ ಕಲ್ಲಿನಿಂದಲೇ ಹೊರಬೀಳುತ್ತದೆ, ಕಲ್ಲಿದ್ದಲಿನ ಹೊಗೆ ಅದರ ಮೇಲಿನದು. ಆದ್ದರಿಂದ ಇಂಧನವನ್ನು ಬದಲಿಸಿದ ಮಾತ್ರಕ್ಕೆ ಈ ಅನಿಲ ನಿಲ್ಲದು. ಕ್ಲಿಂಕರಿನ ಪಾಲನ್ನೇ ತಗ್ಗಿಸುವುದು ಇಂದು ಕೈಗೆಟಕುವ ದಾರಿ. ಭಾರತೀಯ ಮಾನಕವು ಪೋಜೊಲಾನಾ ಸಿಮೆಂಟಿನಲ್ಲಿ ಶೇಕಡಾ 35ರವರೆಗೆ ಹಾರುಬೂದಿಯನ್ನು ಬೆರೆಸಲು ಅನುಮತಿಸುತ್ತದೆ. ಈ ಬೂದಿಯನ್ನು ಕೊಡುವ, ಕಲ್ಲಿದ್ದಲು ಸುಡುವ ಶಕ್ತಿನಗರದಂಥ ವಿದ್ಯುತ್ ಸ್ಥಾವರವು ಹತ್ತಿರದ ರಾಯಚೂರು ಜಿಲ್ಲೆಯಲ್ಲೇ ಇದೆ. ಹಾಗಾಗಿ ಮನೆ ಕಟ್ಟಿಸುವವರು ಚೀಲದ ಮೇಲಿನ ಸಿಮೆಂಟಿನ ಬಗೆಯನ್ನು ಓದಿ ಕೊಳ್ಳಬೇಕು.