ಕೂಲಿ ಕಡಿತಕ್ಕೆ ಜೈಲು: ಎರಡನೇ ಸಲ ಸಿಕ್ಕಿಬಿದ್ದರೆ ಮಾತ್ರ!

ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು. 1948ರ ಕನಿಷ್ಠ ವೇತನ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಎಣ್ಣೆ ಮಿಲ್ಲಿನ ಕೆಲಸ ಸೇರಿತ್ತು. ಕಡಿಮೆ ಕೂಲಿ ಕೊಟ್ಟ ಮಾಲೀಕನಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ 500 ರೂಪಾಯಿ ತನಕ ದಂಡ, ಅಥವಾ ಎರಡೂ. ಆ ಕಾಲಕ್ಕೆ 500 ದೊಡ್ಡ ಗಂಟೇ ಸರಿ. ಆಮೇಲೆ ಶೇಂಗಾ ಬೆಲೆ ಏರಿತು, ಎಣ್ಣೆ ಬೆಲೆ ಏರಿತು. ಕೇಂದ್ರದ ಕಾಯ್ದೆಯಲ್ಲಿ ದಂಡದ ಅಂಕಿ ಮಾತ್ರ ಹಾಗೇ ಕೂತಿತ್ತು. ಇವತ್ತು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬಂದು ಊಟ ಮಾಡಿದರೆ ಆ ದುಡ್ಡು ಮುಗೀತು!

ಜೈಲೋ? ಕೂಲಿಕಾರ ಮೊದಲು ಬಾಕಿಯ ಅರ್ಜಿ ಗೆಲ್ಲಬೇಕಿತ್ತು. ಆಮೇಲೆ ಸರ್ಕಾರದ ಮಂಜೂರಾತಿ. ಕೋರ್ಟಿನ ಬಾಗಿಲು ಅದಾದ ಮೇಲೆ.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಮೊದಲ ತಪ್ಪಿಗೆ 50,000 ರೂಪಾಯಿ ತನಕ ದಂಡ, ಜೈಲಿಲ್ಲ. ಬೇಕಾದರೆ 25,000 ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಐದು ವರ್ಷದೊಳಗೆ ಮತ್ತೆ ತಪ್ಪಿತಸ್ಥನೆಂದು ತೀರ್ಪಾದರೆ ಮಾತ್ರ ಮೂರು ತಿಂಗಳ ತನಕ ಜೈಲು, ಅಥವಾ ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಬಲವಂತದ ದುಡಿಮೆ ಎಂದು ದೆಹಲಿಯ ಏಷ್ಯಾಡ್ ಕಾಮಗಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿತ್ತು. ಅಂಥ ತಪ್ಪಿಗೆ ಮೊದಲ ಸಲ ಬರೀ ದಂಡ ಸಾಕೇ?

ಮೊಳಕಾಲ್ಮೂರಿಗೆ ಬಂದರೆ ಗಂಟು ಇನ್ನೂ ಬಿಗಿ. ಅಲ್ಲಿನ ರೇಷ್ಮೆ ಸೀರೆಗೆ ನಾಡೆಲ್ಲ ಹೆಸರು. ಗಂಡ ಮಗ್ಗಕ್ಕೆ ಕೂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಸೀರೆಗೆ ಇಷ್ಟು ಅಂತ ಕೂಲಿ. ಅವಳ ದುಡಿಮೆಗೆ ಬೇರೆ ಲೆಕ್ಕವೇ ಇಲ್ಲ. ಹೀಗೆ ತುಂಡು ಲೆಕ್ಕದ ಕೆಲಸಕ್ಕೂ ಕನಿಷ್ಠ ದರ ಉಂಟು. ಆದರೆ ನೂಲು ಕೊಟ್ಟವನು, "ಅವನು ನನ್ನ ಆಳಲ್ಲ ಸ್ವಾಮಿ, ಮನೇಲಿ ನೇಯ್ತಾನೆ, ನಾನು ಸೀರೆ ತಗೊಳ್ತೀನಿ ಅಷ್ಟೇ" ಅಂದುಬಿಟ್ಟರೆ ಮಾಲೀಕ ಯಾರು? ದಂಡ ಯಾರಿಗೆ?

ಇನ್ನು ದೂರು. ಈಗ ಕೆಲಸಗಾರ ತಾನೇ ಕೋರ್ಟಿಗೆ ದೂರು ಕೊಡಬಹುದು. ಕೊಟ್ಟ ಮಾರನೇ ದಿನ "ನಾಳೆಯಿಂದ ಬರ್ಬೇಡ" ಅಂದರೆ ಒಲೆ ಉರಿಯೋದು ಹೇಗೆ? ಅದಕ್ಕೇ ಇದೇ ಸಂಹಿತೆಯ ಇನ್ನೊಂದು ದಾರಿ ಹೆಚ್ಚು ಕೆಲಸಕ್ಕೆ ಬರುವಂಥದು. ಬಾಕಿ ಕೂಲಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಮೊದಲು ಆರೇ ತಿಂಗಳಿತ್ತು. ನೋಂದಾಯಿತ ಕಾರ್ಮಿಕ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸಲು ಅವಕಾಶವಿದೆ. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡಬೇಕಾದವನು ಮಾಲೀಕ.

ಅಂದಹಾಗೆ, ಹಳೆಯ ಪಟ್ಟಿಯ ಕಟ್ಟು ಈಗಿಲ್ಲ. ಕನಿಷ್ಠ ಕೂಲಿ ಎಲ್ಲ ಕೆಲಸಕ್ಕೂ ಅನ್ವಯ. ಪೇಟೆಬೀದಿಯ ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗನಿಗೂ ಸಾಹುಕಾರರು ವೇತನ ಚೀಟಿ ಬರೆದುಕೊಡಬೇಕು.